ತಿರುವಿನಲ್ಲಿ ವಾಲುವ ಹಳೆ ಮಸ್ಟಾಂಗ್‌ಗೆ ದಪ್ಪ ಸ್ವೇ ಬಾರ್

1966ರ ಫೋರ್ಡ್ ಮಸ್ಟಾಂಗ್ ನೆಟ್ಟಗಿನ ರಸ್ತೆಯಲ್ಲಿ ರಾಜ. ಹೆದ್ದಾರಿಯಿಂದ ಇಳಿಯುವ ಸುರುಳಿ ರಸ್ತೆ ಬಂತೋ, ಹುಲ್ಲು ಹೇರಿದ ಗಾಡಿ. ಮೂತಿ ಒಂದು ಪಕ್ಕಕ್ಕೆ ಕುಸಿಯುತ್ತದೆ, ಟೈರು ಕಿರುಗುಟ್ಟುತ್ತದೆ, ಪಕ್ಕದಲ್ಲಿ ಕೂತವರು ಹಿಡಿದುಕೊಳ್ಳಲು ಏನಾದರೂ ಸಿಗುತ್ತದೋ ಎಂದು ತಡಕಾಡುತ್ತಾರೆ. ಮಿಷಿಗನ್‌ನಲ್ಲಿ ಮನೆಯ ಗ್ಯಾರೇಜಿನಲ್ಲಿಟ್ಟು ಸಾಕುತ್ತಿರುವ ನನ್ನ ಕಾರಿನ ಪಾಡೂ ಇದೇ ಆಗಿತ್ತು. ಒಂದು ಶನಿವಾರದ ಕೆಲಸದಲ್ಲಿ ಇದನ್ನು ಬಹುಮಟ್ಟಿಗೆ ಸರಿಪಡಿಸಬಹುದು. ಬೇಕಾದದ್ದು ಮುಂಭಾಗಕ್ಕೆ ಈಗಿರುವುದಕ್ಕಿಂತ ದಪ್ಪನೆಯ ಸ್ವೇ ಬಾರ್ ಮಾತ್ರ. ಹಿಂದಕ್ಕೂ ಒಂದು ಹಾಕಿಬಿಡೋಣ ಎಂಬ ಆಸೆಯನ್ನು ಸದ್ಯಕ್ಕೆ ಕಟ್ಟಿಡಿ.

ಸ್ವೇ ಬಾರ್ ಎಂದರೆ ಎರಡೂ ತುದಿ ಬಾಗಿಸಿದ ಉಕ್ಕಿನ ಸರಳು. ನಡುಭಾಗ ಎರಡು ರಬ್ಬರ್ ಬುಷ್‌ಗಳಲ್ಲಿ, ಅಂದರೆ ತೂತಿರುವ ಮೆತ್ತೆಗಳಲ್ಲಿ, ಕೂತು ಚಾಸಿಗೆ ಅಂಟಿಕೊಂಡಿರುತ್ತದೆ, ತುದಿಗಳು ಲಿಂಕ್ ಎಂಬ ಉದ್ದ ಬೋಲ್ಟಿನ ಮೂಲಕ ಎಡಬಲದ ಲೋಯರ್ ಆರ್ಮ್‌ಗೆ, ಅಂದರೆ ಚಕ್ರವನ್ನು ಕೆಳಗಿನಿಂದ ಹಿಡಿದು ಅದರ ಜತೆ ಮೇಲೆ ಕೆಳಗೆ ಆಡುವ ಪಟ್ಟಿಗೆ, ಸೇರಿರುತ್ತವೆ. ಎರಡೂ ಚಕ್ರ ಒಟ್ಟಿಗೇ ಹಂಪ್ ಹತ್ತಿದರೆ ಸರಳು ಬುಷ್‌ನೊಳಗೆ ಸುಮ್ಮನೆ ಉರುಳುತ್ತದೆ, ಅಡ್ಡಿ ಮಾಡುವುದಿಲ್ಲ. ಕಾರು ವಾಲಿ ಒಂದು ಚಕ್ರ ಮೇಲೆ, ಇನ್ನೊಂದು ಕೆಳಗೆ ಆದಾಗ ಮಾತ್ರ, ಒದ್ದೆ ಪಂಚೆಯನ್ನು ಇಬ್ಬರು ಹಿಂಡಿದ ಹಾಗೆ ಅದು ತಿರುಚಿಕೊಳ್ಳಬೇಕು. ತಿರುಚಿಕೊಳ್ಳಲು ಒಲ್ಲೆ ಎನ್ನುವ ಆ ಹಟವೇ ಕಾರನ್ನು ನೆಟ್ಟಗೆ ಹಿಡಿಯುವುದು.

ಎಷ್ಟು ದಪ್ಪ?

ವರ್ನಿಯರ್ ಹಿಡಿದು ಹಳೆಯ ಬಾರನ್ನು ಅಳೆಯಿರಿ. ನನ್ನದು 11/16 ಇಂಚು, ಅಂದರೆ ಸುಮಾರು 17.5 ಮಿ.ಮೀ. ಹೆಬ್ಬೆರಳಿಗಿಂತ ತೆಳು. ಗಟ್ಟಿ ಸರಳಿನ ಬಿಗುವು ವ್ಯಾಸದ ನಾಲ್ಕನೇ ಘಾತದಷ್ಟು ಏರುತ್ತದೆ. ಹಾಗಾಗಿ ಒಂದು ಇಂಚಿನದು ನೋಡಲು ಸ್ವಲ್ಪವೇ ದಪ್ಪ ಅನಿಸಿದರೂ, ಸರಳಿನ ಮತ್ತು ಬಾಗಿಸಿದ ತುದಿಗಳ ಉದ್ದ ಅಷ್ಟೇ ಇದ್ದರೆ, ಬಿಗುವು ಸುಮಾರು ನಾಲ್ಕೂವರೆ ಪಟ್ಟು. 1-1/8 ಇಂಚಿನದಾದರೆ ಏಳು ಪಟ್ಟು ದಾಟುತ್ತದೆ. ಇದೇ ಲೆಕ್ಕದಿಂದ ಟೊಳ್ಳು ಬಾರಿನ ಗುಟ್ಟೂ ತಿಳಿಯುತ್ತದೆ. ಒಂದು ಇಂಚಿನ ಸರಳಿನ ನಡುವೆ ಅರ್ಧ ಇಂಚು ಕೊರೆದರೆ ತೂಕ ಕಾಲುಭಾಗ ಇಳಿಯುತ್ತದೆ, ಬಿಗುವು ಇಳಿಯುವುದು ಬರೀ ಆರು ಪರ್ಸೆಂಟ್.

ಅಂಗಡಿಯವರು ದಪ್ಪದ್ದನ್ನೇ ತಳ್ಳುತ್ತಾರೆ. ರಸ್ತೆ ಕಾರಿಗೆ ಒಂದು ಇಂಚು ಸಾಕು. 1965ರಲ್ಲಿ ಅಮೆರಿಕದ ರೇಸ್ ಕಾರು ತಯಾರಕ ಕ್ಯಾರೊಲ್ ಶೆಲ್ಬಿ ಇದೇ ಮಸ್ಟಾಂಗನ್ನು ತಿದ್ದಿ ಜಿಟಿ350 ಎಂಬ ವೇಗದ ಕಾರು ಮಾಡಿದಾಗ ಮುಂದೆ ಹಾಕಿದ್ದೂ ಒಂದು ಇಂಚಿನ ಬಾರನ್ನೇ. ಇನ್ನೂ ದಪ್ಪ ಹಾಕಿದರೆ ಒಂದು ಚಕ್ರ ಗುಂಡಿಗೆ ಬಿದ್ದ ಏಟು ಇನ್ನೊಂದಕ್ಕೂ ದಾಟಿ, ಹಾಳಾದ ರಸ್ತೆಯಲ್ಲಿ ಕಾರು ತಲೆಯಾಡಿಸುತ್ತದೆ.

ದುಡ್ಡು ಬಿಚ್ಚುವ ಮೊದಲು ಒಂದು ಮಾತು. ಸವೆದ ಬಾಲ್ ಜಾಯಿಂಟ್ (ಮುಂದಿನ ಚಕ್ರ ಹೊರಳಲು ಬಿಡುವ ಗುಂಡಿನ ಕೀಲು), ಸತ್ತ ಶಾಕ್ ಅಬ್ಸಾರ್ಬರ್, ಬಿರುಕು ಬಿಟ್ಟ ಟೈರು ಇದ್ದರೆ ಅವೇ ಮೊದಲು. ನನ್ನ ಕಾರಿನ ಹಳೆಯ ಲಿಂಕ್ ಬುಷ್‌ಗಳು ಕೈಯಲ್ಲಿ ಹಿಡಿದರೆ ಹಳೇ ಬೆಲ್ಲದ ಹಾಗೆ ಉದುರಿದವು. ಬುಷ್ ಇಲ್ಲದ ಬಾರು ಇದ್ದೂ ಇಲ್ಲದ ಹಾಗೆ: ಆ ಸಡಿಲ ತುಂಬುವಷ್ಟು ಕಾರು ವಾಲಿದ ಮೇಲೇ ಅದಕ್ಕೆ ಕೆಲಸ ಶುರು.

ಬಿಚ್ಚುವುದು

ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಸುರಿಯುವ ಊರು ನಮ್ಮದು, ಬೋಲ್ಟುಗಳು ತುಕ್ಕಲ್ಲೇ ಬೆಸೆದುಕೊಂಡಿರುತ್ತವೆ. ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಸಿಂಪಡಿಸಿಡಿ. ಸ್ಪ್ಯಾನರ್‌ಗಳು ಇಂಚಿನವೇ ಬೇಕು. ಬೆಂಗಳೂರಿನಿಂದ ತಂದ ಮಿ.ಮೀ. ಸೆಟ್ಟಿನ 13 ನಂಬರು ಅರ್ಧ ಇಂಚಿನ ತಲೆಗೆ ಕೂತಂತೆಯೇ ಅನಿಸುತ್ತದೆ. ಜೋರು ಹಾಕಿದಾಗ ಜಾರಿ, ಬೋಲ್ಟಿನ ಮೂಲೆಗಳನ್ನು ಸವರಿ ಗುಂಡಗೆ ಮಾಡುತ್ತದೆ.

ಹಿಂದಿನ ಚಕ್ರಗಳಿಗೆ ಅಡೆ ಕೊಟ್ಟು, ಮುಂಭಾಗ ಎತ್ತಿ, ಎರಡೂ ಕಡೆ ಚಾಸಿಯ ಕೆಳಗೆ ಸ್ಟ್ಯಾಂಡ್ ನಿಲ್ಲಿಸಿ, ಮುಂದಿನ ಚಕ್ರಗಳನ್ನು ಬಿಚ್ಚಿಡಿ. ಬರೀ ಜಾಕ್ ನಂಬಿ ಕಾರಿನಡಿ ತಲೆ ಹಾಕಬೇಡಿ. ಒಂದೇ ಚಕ್ರ ಎತ್ತಿ ಮಾಡುವ ಕೆಲಸವೂ ಅಲ್ಲ ಇದು: ಎರಡೂ ಸಮನಾಗಿ ಇಳಿಬಿದ್ದಿರದಿದ್ದರೆ ಬಾರು ತಿರುಚಿಕೊಂಡಿರುತ್ತದೆ, ಲಿಂಕ್ ಬಿಚ್ಚಿದ ಕೂಡಲೇ ಚಿಮ್ಮಿ ಮುಖಕ್ಕೆ ಬರುತ್ತದೆ.

ಮೊದಲು ಎರಡು ತುದಿಯ ಲಿಂಕ್ ಬೋಲ್ಟು. ಬರದಿದ್ದರೆ ಗುದ್ದಾಡಬೇಡಿ, ಕತ್ತರಿಸಿ. ಹೊಸ ಕಿಟ್‌ನಲ್ಲಿ ಬೇರೆ ಲಿಂಕ್ ಬಂದೇ ಬರುತ್ತವೆ. ಆಮೇಲೆ ಚಾಸಿಯ ಬ್ರ್ಯಾಕೆಟ್‌ಗಳು, ಒಂದೊಂದಕ್ಕೆ ಎರಡು ಬೋಲ್ಟು. ಇವನ್ನು ಮಾತ್ರ ಕತ್ತರಿಸುವ ಹಾಗಿಲ್ಲ, ತುಂಡು ಒಳಗೇ ಉಳಿದರೆ ಶನಿವಾರದ ಜತೆ ಭಾನುವಾರವೂ ಹೋಯಿತು. ಅರ್ಧ ಸುತ್ತು ಬಿಚ್ಚಿ, ಕಾಲು ಸುತ್ತು ಬಿಗಿದು, ಎಣ್ಣೆ ಹಾಕಿ, ಮತ್ತೆ ಬಿಚ್ಚಿ. ತಾಳ್ಮೆ ಬೇಕು.

ಕೂರಿಸುವುದು

ಹಳೆಯ ಬುಷ್ ಹೊಸ ಬಾರಿಗೆ ಆಗುವುದಿಲ್ಲ, ತೂತು ದಪ್ಪಕ್ಕೆ ತಕ್ಕದ್ದಿರಬೇಕು. ರಬ್ಬರ್ ಮೌನಿ, ಪಾಲಿಯುರಥೇನ್ ಎಂಬ ಗಡಸು ಪ್ಲಾಸ್ಟಿಕ್ ಬಿಗಿ ಆದರೆ ಕೂಗುಮಾರಿ. ನಾನು ಹಾಕಿದ್ದು ಎರಡನೆಯದನ್ನು. ಅದರ ಒಳಮೈಗೆ ಕಿಟ್‌ನ ಜತೆ ಬರುವ ಸಿಲಿಕೋನ್ ಗ್ರೀಸ್ ಧಾರಾಳವಾಗಿ ಸವರಿ. ರಬ್ಬರ್ ಬುಷ್ ಆದರೆ ಸಾಮಾನ್ಯ ಗ್ರೀಸ್ ತಾಗಿಸಬೇಡಿ, ಉಬ್ಬಿ ಹಾಳಾಗುತ್ತದೆ.

ಬಾರನ್ನು ಹಳೆಯದು ಇದ್ದ ದಿಕ್ಕಿನಲ್ಲೇ ಎತ್ತಿ, ಇನ್ನೊಬ್ಬರು ಹಿಡಿದುಕೊಂಡರೆ ಒಳ್ಳೆಯದು. ನಾಲ್ಕೂ ಬೋಲ್ಟನ್ನು ಮೊದಲು ಬೆರಳಲ್ಲೇ ಹತ್ತಿಸಿ, ಯಾವುದನ್ನೂ ಪೂರ್ತಿ ಬಿಗಿಯಬೇಡಿ. ಬಾರು ನಡುವಿಗಿದೆಯೇ, ಎರಡೂ ಪಕ್ಕ ಸಮ ಉಳಿದಿದೆಯೇ ಅಳೆದು ನೋಡಿ.

ಲಿಂಕ್ ಜೋಡಣೆಯ ಕ್ರಮ ತಪ್ಪಬಾರದು. ಬೋಲ್ಟಿನ ತಲೆಯಿಂದ ಶುರುಮಾಡಿ ವಾಷರ್, ಬುಷ್, ಲೋಯರ್ ಆರ್ಮ್, ಬುಷ್, ವಾಷರ್, ನಡುವಿನ ಕೊಳವೆ, ಮತ್ತೆ ವಾಷರ್, ಬುಷ್, ಬಾರಿನ ಕಣ್ಣು, ಬುಷ್, ವಾಷರ್, ಕೊನೆಗೆ ನಟ್ಟು. ಎಷ್ಟು ಬಿಗಿಯಬೇಕು? ಬುಷ್ ಉಬ್ಬಿ ವಾಷರಿನ ಅಂಚಿಗೆ ಸಮ ಬರುವಷ್ಟು. ನಾನು ಮೊದಲ ಸಲ ಚಕ್ರದ ನಟ್ಟು ಬಿಗಿದಂತೆ ಬಿಗಿದು, ವಾಷರ್‌ಗಳನ್ನು ತಟ್ಟೆಯಿಂದ ಬಟ್ಟಲು ಮಾಡಿದ್ದೆ.

ಈಗ ಚಕ್ರ ಹಾಕಿ ಕಾರನ್ನು ನೆಲಕ್ಕಿಳಿಸಿ. ಬಾನೆಟ್ಟಿನ ಮುಂದೆ ನಿಂತು ನಾಲ್ಕೈದು ಸಲ ಕೆಳಕ್ಕೆ ಒತ್ತಿ ಬಿಡಿ. ಕಾರು ತನ್ನ ಸಹಜ ಎತ್ತರಕ್ಕೆ ಕೂತ ಮೇಲೆಯೇ ಬ್ರ್ಯಾಕೆಟ್ ಬೋಲ್ಟುಗಳ ಕೊನೆಯ ಬಿಗಿತ. ಚಕ್ರ ತೂಗಾಡುತ್ತಿರುವಾಗ ಬಿಗಿದರೆ, ಇಳಿಸಿದ ಕೂಡಲೇ ರಬ್ಬರ್ ಬುಷ್ ತಿರುಚಿಕೊಂಡು ಬೇಗ ಹರಿಯುತ್ತದೆ. ಸ್ಟೀರಿಂಗನ್ನು ಎಡದ ತುದಿಯಿಂದ ಬಲದ ತುದಿವರೆಗೆ ತಿರುಗಿಸಿ, ಟೈರು ಬಾರಿಗೆ ಸವರುತ್ತಿಲ್ಲ ಎಂದು ಕಣ್ಣಾರೆ ನೋಡಿ.

ಹಿಂದಕ್ಕೆ ಯಾಕೆ ಬೇಡ?

ಮುಂದೆ ಬಿಗಿ ಮಾಡಿದರೆ ಮೂತಿ ಹೊರಕ್ಕೆ ಜಾರುವುದು ಹೆಚ್ಚಾಗಬೇಕು, ಪುಸ್ತಕದ ಲೆಕ್ಕ ಅದು. ಆದರೆ ಈ ಕಾರಿನ ಮುಂದಿನ ಚಕ್ರಗಳು ಬಾಡಿ ವಾಲಿದಾಗ ತಾವೂ ಹೊರಕ್ಕೆ ವಾಲಿ, ಟೈರಿನ ಅಂಚಿನ ಮೇಲೆ ನಿಲ್ಲುತ್ತವೆ. ವಾಲುವುದು ತಗ್ಗಿದರೆ ಟೈರು ಅಂಗಾಲಿಟ್ಟು ನಿಲ್ಲುತ್ತದೆ, ಹಾಗಾಗಿ ಒಂದು ಇಂಚಿನವರೆಗೆ ಲಾಭವೇ ಹೆಚ್ಚು. ಹಿಂದೆ ಹಾಗಲ್ಲ. ಅಲ್ಲಿರುವುದು ಲಾರಿಯಂತೆ ಪಟ್ಟಿ ಜೋಡಿಸಿದ ಲೀಫ್ ಸ್ಪ್ರಿಂಗ್ ಮತ್ತು ಒಂದೇ ಗಟ್ಟಿ ಆಕ್ಸಲ್, ಚಕ್ರ ನೇರವಾಗೇ ಇರುತ್ತದೆ. ಅಲ್ಲಿ ಬಾರು ಹಾಕಿದರೆ ತಿರುವಿನಲ್ಲಿ ಒಳಗಿನ ಚಕ್ರದ ಮೇಲಿನ ಭಾರ ಇಳಿದು, ಆಕ್ಸಿಲರೇಟರ್ ಒತ್ತಿದಾಗ ಅದು ಸುಮ್ಮನೆ ಸುತ್ತುತ್ತದೆ. ಮಳೆಯಲ್ಲಿ ಎಂಟು ಸಿಲಿಂಡರಿನ ವಿ8 ಎಂಜಿನ್ ಇದ್ದರೆ ಬಾಲ ಎತ್ತ ಹೋಗುತ್ತದೋ ಹೇಳಲಾಗದು. ಶೆಲ್ಬಿಯ 1965ರ ಜಿಟಿ350ಗೂ ಹಿಂದಿನ ಬಾರು ಇರಲಿಲ್ಲ. ಮುಂದಿನದನ್ನು ಹಾಕಿ ತಿಂಗಳುಗಟ್ಟಲೆ ಓಡಿಸಿ, ಆಮೇಲೂ ಮೂತಿ ಜಾರುತ್ತಿದೆ ಅನಿಸಿದರೆ ಹಿಂದಕ್ಕೆ ತೆಳ್ಳಗಿನದೊಂದನ್ನು ಯೋಚಿಸಿ.

ಊರಿನಲ್ಲಿ ಪದ್ಮಿನಿಯೋ ಅಂಬಾಸಿಡರ್ರೋ ಇಟ್ಟುಕೊಂಡು ಇದನ್ನೇ ಮಾಡಹೊರಟವರು ವೆಲ್ಡಿಂಗ್‌ನವರ ಬಳಿ ಹೋಗುವ ಮೊದಲು ನೆನಪಿಡಿ: 2021ರ ಕೇಂದ್ರದ ನಿಯಮದಂತೆ 50 ವರ್ಷ ದಾಟಿದ ಕಾರನ್ನು ವಿಂಟೇಜ್ ಎಂದು ನೋಂದಾಯಿಸಲು ಚಾಸಿ, ಬಾಡಿ, ಎಂಜಿನ್‌ಗಳಲ್ಲಿ ದೊಡ್ಡ ಬದಲಾವಣೆ ಆಗಿರಬಾರದು. ಬೋಲ್ಟಲ್ಲಿ ಕೂತು ಬೋಲ್ಟಲ್ಲೇ ಬಿಚ್ಚಿಬರುವ ಬಾರನ್ನೇ ಆರಿಸಿ.

ಮೊದಲ ಓಟ ಖಾಲಿ ಪಾರ್ಕಿಂಗ್ ಮೈದಾನದಲ್ಲಿ, ನಿಧಾನಕ್ಕೆ. 150 ಕಿ.ಮೀ. ಆದ ಮೇಲೆ ಎಲ್ಲ ಬೋಲ್ಟುಗಳಿಗೂ ಮತ್ತೊಮ್ಮೆ ಸ್ಪ್ಯಾನರ್ ತಾಗಿಸಿ. ನನ್ನ ಕಾರಿನಲ್ಲಿ ಎಡಗಡೆಯದೊಂದು ಕಾಲು ಸುತ್ತು ಸಡಿಲವಾಗಿತ್ತು.