ಬ್ರೆನ್ ಮ್ಯಾಗಜಿನ್ನಿನ ಬಾಗು ಕೊನೆಗೂ ಕೈಗೆ ಬಂತು

ಅಸಲಿ ಎಲ್‌ಎಂಜಿ (ಹಗುರ ಮೆಷಿನ್ ಗನ್) ಮನೆಯಲ್ಲಿಡುವ ಮಾತೇ ನಮ್ಮಲ್ಲಿಲ್ಲ, ಕಾನೂನಿನಲ್ಲಿ ಅದು ನಿಷಿದ್ಧ ಆಯುಧ. ಹಾಗಾಗಿ ನನ್ನ ಸಂಗ್ರಹವೆಲ್ಲ ಮರದ್ದೇ: ಅಸಲಿ ಅಳತೆಯ ಗಟ್ಟಿ ಮಾದರಿಗಳು. ಬ್ರಿಟಿಷರ ಎಲ್‌ಎಂಜಿ ಬ್ರೆನ್ ಮಾರ್ಕ್ 1 ಮುಗಿಸೋಕೆ ಎರಡು ವರ್ಷ ಹಿಡಿಯಿತು, ಅದರಲ್ಲಿ ಒಂದೂವರೆ ವರ್ಷ ಗುಂಡು ತುಂಬುವ ಬಾಗಿದ ಡಬ್ಬಿ, ಅಂದರೆ ಮ್ಯಾಗಜಿನ್ ಒಂದಕ್ಕೇ ಹೋಯ್ತು.

25 ಇಂಚಿನ ಬ್ಯಾರಲ್, ಎಡಕ್ಕೆ ಸರಿದ, ಗುರಿ ನೋಡುವ ಸೈಟು, ಅದನ್ನು ಹೊಂದಿಸಲು ತಿರುಗಿಸುವ ಡ್ರಮ್ಮು ಎಲ್ಲ ಅಳತೆ ಹಿಡಿದು ಕೂತರೆ ಆಗುತ್ತೆ. ಆ ಬಾಗು ಮಾತ್ರ ಫೋಟೋ ನೋಡಿ ಬರಲ್ಲ. ಮೊದಲನೆಯದನ್ನು ಪ್ಲೈವುಡ್ ಅಂಟಿಸಿ ಕೊಯ್ದೆ. ನಮ್ಮ ಬೀದಿಯ ರಿಟೈರ್ಡ್ ಹವಾಲ್ದಾರರು, ಬ್ರೆನ್ ಹೊತ್ತು ಓಡಿದವರು, "ಇದೇನಪ್ಪಾ, ಬಾಳೆಹಣ್ಣು ಕೂರಿಸಿದ್ದೀಯ" ಅಂದರು. ಎರಡನೆಯದಕ್ಕೆ ಸಿದ್ದಯ್ಯ ರಸ್ತೆಯಿಂದ ತೇಗ ತಂದೆ, ಸುಮಾರು ಎರಡು ಸಾವಿರ. ಹಸಿ ಆರಿರಲಿಲ್ಲ, ಏಪ್ರಿಲ್ ಬಿಸಿಲಿಗೆ ಉದ್ದಕ್ಕೂ ಸೀಳಿತು. ಮೂರನೆಯದು ಪೀಣ್ಯದಲ್ಲಿ ಕಂಪ್ಯೂಟರ್ ಕಟಿಂಗ್. ಮೂರೂವರೆ ಸಾವಿರ ಕೊಟ್ಟು ತಂದರೆ ಅದೂ ತಪ್ಪು, ನಾನು ಗೆರೆ ಎತ್ತಿದ್ದ ಫೋಟೋನೇ ಓರೆಯಾಗಿ ತೆಗೆದದ್ದು.

ಆಮೇಲೆ ಹೊಳೆಯಿತು. ಇದರ ಮೂಲ ಜೆಕ್ ಎಲ್‌ಎಂಜಿ ಜೆಡ್‌ಬಿ 26, ಅದರ 20 ಗುಂಡಿನ ಮ್ಯಾಗಜಿನ್ ನೆಟ್ಟಗಿತ್ತು. ಅದರ 7.92 ಮಿ.ಮೀ. ತೋಟಾಕ್ಕೆ, ಅಂದರೆ ಗುಂಡಿಗೆ, ಬುಡದಲ್ಲಿ ಹೊರಚಾಚಿದ ಅಂಚು (ರಿಮ್) ಇಲ್ಲ. ಬ್ರೆನ್‌ಗೆ ಹಾಕುವ ಬ್ರಿಟಿಷರ .303 ಇಂಚಿನ ತೋಟಾಕ್ಕೆ ರಿಮ್ ಇದೆ, ಮೈಯೂ ಮುಂದಕ್ಕೆ ಹೋದಂತೆ ಸಣ್ಣಗಾಗುತ್ತೆ. ಬಾಗಿಸಿದ್ದೇ ತೋಟಾ! ಹಾಗಾದ್ರೆ ಮೊದಲು ತೋಟಾ ಮಾಡೋಣ ಅಂದೆ. ಜೊತೆಯ ಸಂಗ್ರಾಹಕರೆಲ್ಲ ದುಡ್ಡು ದಂಡ ಅಂದರು.

ಚನ್ನಪಟ್ಟಣದಲ್ಲಿ ಬೊಂಬೆ ತಿರುವುವವರ ಹತ್ತಿರ ಹಾಲೆ ಮರದಲ್ಲಿ 30 ತೋಟಾ ತಿರುವಿಸಿದೆ: ಉದ್ದ 78 ಮಿ.ಮೀ., ರಿಮ್ ಹದಿಮೂರೂವರೆ ಚಿಲ್ಲರೆ, ಒಂದಕ್ಕೆ ಹತ್ತಿರತ್ತಿರ ನಲವತ್ತು ರೂಪಾಯಿ. ಮೇಲಿನದರ ರಿಮ್ ಕೆಳಗಿನದಕ್ಕಿಂತ ಮುಂದಿರುವಂತೆ ಹಲಗೆಯ ಮೇಲೆ ಜೋಡಿಸುತ್ತಾ ಹೋದೆ. ಹತ್ತು ದಾಟುವಷ್ಟರಲ್ಲಿ ಸಾಲು ತಾನಾಗೇ ವಾಲಿತು. ಪಕ್ಕದಲ್ಲಿ ಪೆನ್ಸಿಲ್ ಎಳೆದೆ, ಅದೇ ನನ್ನ ಅಚ್ಚು. ಸಾಲನ್ನು ಅಲುಗದಂತೆ ಹೇಗೆ ಹಿಡಿದೆ ಅನ್ನೋದು ನನ್ನಲ್ಲೇ ಇರಲಿ.

ಕುತೂಹಲಕ್ಕೆ 7.62 ತೋಟಾವನ್ನೂ ಒಂದಷ್ಟು ತಿರುವಿಸಿದೆ. ರಿಮ್ ಇಲ್ಲದ್ದರಿಂದ ಸಾಲು ಹೆಚ್ಚುಕಡಿಮೆ ನೆಟ್ಟಗೇ ನಿಂತಿತು. ನಮ್ಮ ಸೇನೆಯ 7.62 ಬ್ರೆನ್ ನೋಡಿದವರಿಗೆ ಅದರ ಹೆಚ್ಚುಕಡಿಮೆ ನೆಟ್ಟನೆಯ ಮ್ಯಾಗಜಿನ್ ಗೊತ್ತೇ ಇರುತ್ತೆ. ಇಷಾಪುರದ ಬಂದೂಕು ಕಾರ್ಖಾನೆಯ ವಿಕರ್ಸ್-ಬರ್ತಿಯೆ ಎಲ್‌ಎಂಜಿಗೂ ಈ .303 ತೋಟಾನೇ ಸಾಕು, ಮುಂದಿನದು ಅದೇ.

ಬಣ್ಣ ಮಂಕು ಕಪ್ಪು, ಮೇಲೆ ಗ್ರಾಫೈಟ್ ಪುಡಿ ಉಜ್ಜಿದರೆ ಉಕ್ಕಿನ ಹೊಳಪು. ಕೊನೆಯ ಕೋಟು ಯಾವುದು ಅಂತ ಹೇಳಲ್ಲ. ಒಟ್ಟು ಖರ್ಚು ಹದಿನಾಲ್ಕು ಸಾವಿರದ ಆಸುಪಾಸು.

ಹವಾಲ್ದಾರರನ್ನು ಕರೆದು ತೋರಿಸಿದೆ. "ಮೂವತ್ತು ಹಿಡಿಸುತ್ತೆ, ನಾವು 28 ತುಂಬ್ತಿದ್ವಿ" ಅಂತ ಅಂಗೈಯಲ್ಲಿ ಮ್ಯಾಗಜಿನ್ ಹಿಡಿದರು. ಹೆಬ್ಬೆರಳು ತಾನಾಗೇ ಮ್ಯಾಗಜಿನ್ ಬಿಡಿಸುವ ಹಿಂದಿನ ಕ್ಯಾಚಿಗೆ ಹೋಗಿ ಒತ್ತಿತು. ಅಲ್ಲಿ ನಾನು ಬರೀ ಗೆರೆ ಕೊರೆದಿದ್ದೆ. ಈ ವಾರ ಅದನ್ನು ಬಿಚ್ಚಿ ಒತ್ತುವ ಕ್ಯಾಚ್ ಕೂರಿಸ್ತಿದ್ದೇನೆ.