ಕಪ್ಪು ಫಿಲ್ಮಿನ ಮೇಲೆ ಐದು ಗೀರು

ಅಪ್ಪ ಕ್ಲಿಕ್ ತ್ರೀ ಕ್ಯಾಮೆರಾದಲ್ಲಿ ತೆಗೆದಿದ್ದ ಅಜ್ಜಿಯ ಚಿತ್ರವೊಂದು ಮನೆಯಲ್ಲಿತ್ತು. ನೆಗೆಟಿವ್ ಎಷ್ಟಿತ್ತೋ ಅಷ್ಟೇ ಅಳತೆಯ ಪ್ರಿಂಟ್, ಆರು ಸೆಂಟಿಮೀಟರ್ ಚೌಕ. ದೊಡ್ಡದು ಮಾಡಿಸಲೆಂದು ಒಂದು ಸ್ಟುಡಿಯೋಗೆ ಕೊಟ್ಟೆವು. ಅವರು ಸ್ಕ್ಯಾನ್ ಮಾಡಿ, ಅಜ್ಜಿಯ ಮುಖದ ಸುಕ್ಕನ್ನೆಲ್ಲ ಅಳಿಸಿ, ಕೆನ್ನೆಯನ್ನು ನುಣ್ಣಗೆ ಮಾಡಿ ಕೊಟ್ಟರು. ಅಪ್ಪ ಒಂದು ನಿಮಿಷ ನೋಡಿ, "ಇದು ಅಮ್ಮ ಅಲ್ಲ" ಎಂದು ತಿರುಗಿಸಿಟ್ಟರು. ನಾನೇ ನೆಗೆಟಿವ್ ಚಿತ್ರವನ್ನು ಕಾಗದದ ಮೇಲೆ ದೊಡ್ಡದಾಗಿ ಬೀಳಿಸುವ ಯಂತ್ರ, ಅಂದರೆ ಎನ್‌ಲಾರ್ಜರ್ ಕೊಂಡು ಪ್ರಿಂಟ್ ಹಾಕುತ್ತೇನೆಂದು ನಿಶ್ಚಯಿಸಿದ್ದು ಅಂದೇ.

ಸಾಗರದಲ್ಲಿ ವಿಚಾರಿಸಿದೆ, ಸಿಗಲಿಲ್ಲ. ಕೊನೆಗೆ ಶಿವಮೊಗ್ಗದ ಹಳೆಯ ಸ್ಟುಡಿಯೋ ಒಂದರ ಅಟ್ಟದ ಮೇಲೆ ಎರಡು ಯಂತ್ರಗಳಿವೆ ಎಂದು ತಿಳಿಯಿತು. ಒಂದು 35 ಎಂಎಂ ಫಿಲ್ಮಿಗೆ ಮಾತ್ರ. ಅಪ್ಪನ ನೆಗೆಟಿವ್ ಅದರಲ್ಲಿ ಕೂರುವುದೇ ಇಲ್ಲ. ಇನ್ನೊಂದು ಚೆಕೊಸ್ಲೊವಾಕಿಯಾದ ಮೆಯೊಪ್ಟಾ ಕಂಪನಿಯ ಓಪೆಮಸ್, ಆರು ಸೆಂಟಿಮೀಟರ್ ಚೌಕದವರೆಗೆ ಹಿಡಿಯುವಂಥದ್ದು.

ನೋಡಲು ಹೋಗುವ ಮುಂಚೆ ಒಂದು ಕೆಲಸ ಮಾಡಿಕೊಂಡಿದ್ದೆ. ಎನ್‌ಲಾರ್ಜರ್ ಕೊಳ್ಳುವವರಿಗೆಲ್ಲ ನಾನು ಮೊದಲು ಹೇಳುವುದು ಇದನ್ನೇ. ಒಂದು ತುಂಡು ಫಿಲ್ಮನ್ನು ಬೆಳಕಿಗೆ ಒಡ್ಡಿ ಡೆವಲಪ್ ಮಾಡಿದರೆ ಅದು ಪೂರ್ತಿ ಕಪ್ಪಾಗುತ್ತದೆ. ಅದರ ಮಂಕಾದ ಬದಿಯಲ್ಲಿ, ನಾಲ್ಕು ಮೂಲೆಗೂ ನಡುವಿಗೂ ಸೂಜಿಯಿಂದ ಸಣ್ಣ ಗೀರು ಎಳೆಯಬೇಕು. ಯಂತ್ರದಲ್ಲಿಟ್ಟು ದೀಪ ಹಾಕಿದರೆ ಕೆಳಗಿನ ಹಲಗೆಯ ಮೇಲೆ ಆ ಗೀರುಗಳು ಬೆಳ್ಳನೆಯ ಎಳೆಗಳಾಗಿ ಬೀಳುತ್ತವೆ. ಐದೂ ಒಟ್ಟಿಗೆ ಚೂಪಾಗಿದ್ದರೆ ನೆಗೆಟಿವ್, ಲೆನ್ಸ್, ಹಲಗೆ ಮೂರೂ ಸಮಾನಾಂತರವಾಗಿವೆ ಎಂದರ್ಥ. ಒಂದು ಪಕ್ಕ ಮಸುಕಾದರೆ ಎಲ್ಲೋ ವಾರೆಯಾಗಿದೆ.

ಅಟ್ಟದಿಂದ ಇಳಿಸಿದ ಯಂತ್ರದಲ್ಲಿ ಎಡಗಡೆಯ ಎರಡು ಗೀರು ಮಸುಕಾಗಿದ್ದವು. ಕಂಬ ನೆಟ್ಟಗಿತ್ತು, ದೀಪ, ಲೆನ್ಸು ಇರುವ ತಲೆಭಾಗ ಮೇಲೆ ಕೆಳಗೆ ಸಲೀಸಾಗಿ ಓಡುತ್ತಿತ್ತು. ಹಾಗಾಗಿ ಇದು ಸರಿಪಡಿಸಬಹುದಾದ ದೋಷವೆಂದು ಧೈರ್ಯ ಮಾಡಿದೆ. ಟಾರ್ಚ್ ಹಿಡಿದು ಲೆನ್ಸ್ ನೋಡಿದರೆ 80 ಎಂಎಂ ಲೆನ್ಸಿನ ಒಳಗೆ ಜೇಡರ ಬಲೆಯಂತೆ ಬೂಷ್ಟು. ನಮ್ಮ ಮಲೆನಾಡಿನ ಮಳೆಗಾಲ ಯಾವ ಗಾಜನ್ನೂ ಬಿಡುವುದಿಲ್ಲ. ದೀಪದ ಬೆಳಕನ್ನು ನೆಗೆಟಿವ್ ಮೇಲೆ ಸಮನಾಗಿ ಬೀಳಿಸುವ ಕಂಡೆನ್ಸರ್ ಗಾಜಿನ ಮೇಲೂ ಇತ್ತು, ಆದರೆ ಅದನ್ನು ಬಿಚ್ಚಿ ತೊಳೆಯಬಹುದು. ಸಣ್ಣ ಕಲೆ ಉಳಿದರೂ ಚಿತ್ರದಲ್ಲಿ ಕಾಣುವುದಿಲ್ಲ. ಲೆನ್ಸಿನ ಬೂಷ್ಟು ಹಾಗಲ್ಲ, ಪ್ರಿಂಟಿನ ಬಿಳಿಯನ್ನು ಬೂದು ಮಾಡಿಬಿಡುತ್ತದೆ. ಅದನ್ನು ತೋರಿಸಿಯೇ ಚೌಕಾಶಿ ಮಾಡಿದೆ. ಟ್ರೇ, ಕೆಂಪು ದೀಪ ಸೇರಿ 4,500 ರೂಪಾಯಿಗೆ ಕುದುರಿತು. ಲೆನ್ಸನ್ನು ಕೂರಿಸುವ ತಿರುಪು 39 ಎಂಎಂ ಅಳತೆಯದ್ದು, ಬಹುಪಾಲು ಎನ್‌ಲಾರ್ಜರ್ ಲೆನ್ಸುಗಳಿಗೆ ಇರುವುದೂ ಅದೇ. ಬೇರೆ ಲೆನ್ಸ್ ಹುಡುಕಿ ತಿರುಗಿಸಿ ಹಾಕಲು ಒಂದು ತಿಂಗಳು ಕಾಯಬೇಕಾಯಿತು, ಅಷ್ಟೇ.

ಸ್ಟುಡಿಯೋದ ರಾಯರು ಊಟಿಯ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್‌ನ 'ಇಂದು' ಕಾಗದದ ಅರ್ಧ ಪೊಟ್ಟಣವನ್ನೂ ಕೊಟ್ಟರು. ದಶಕಗಳ ಹಿಂದಿನ ಕಾಗದ, ಪೂರ್ತಿ ಬೂದು ಬಣ್ಣಕ್ಕೆ ತಿರುಗುತ್ತಿತ್ತು. ಆದರೂ ಟ್ರೇಯಲ್ಲಿ ಕೈ ಪಳಗಿಸಿಕೊಳ್ಳಲು ಅದೇ ನೆರವಾಯಿತು.

ಮನೆಗೆ ತಂದ ಮೇಲೆ ಕಂಬದ ಬುಡದ ಬೋಲ್ಟ್ ಸಡಿಲಿಸಿ, ತಂಪುಪಾನೀಯದ ಡಬ್ಬಿಯಿಂದ ಕತ್ತರಿಸಿದ ತೆಳು ತಗಡನ್ನು ಒಂದು ಪಕ್ಕಕ್ಕೆ ತೂರಿಸಿದೆ. ಎರಡು ಪದರ ಹೆಚ್ಚಾಯಿತು, ಒಂದು ಸರಿಹೋಯಿತು. ಐದು ಗೀರೂ ಕೂದಲಿನಷ್ಟು ಚೂಪಾಗಿ ನಿಂತವು.

ದೀಪದ್ದು ದೊಡ್ಡ ತಲೆನೋವು. ಮೊದಲು ಹಾಲುಗಾಜಿನ ಫಿಲಮೆಂಟ್ ಬಲ್ಬ್ ಹಾಕಿದ್ದೆ. ಸಂಜೆ ವೋಲ್ಟೇಜ್ ಬಿದ್ದಾಗ ಅದು ಮಂಕಾಗಿ, ಕಾಗದಕ್ಕೆ ಬೆಳಕು ಒಡ್ಡುವ ಹನ್ನೆರಡು ಸೆಕೆಂಡಿನ ಎಕ್ಸ್‌ಪೋಷರ್ ಒಂದು ದಿನದಂತೆ ಇನ್ನೊಂದು ದಿನ ಬರುತ್ತಿರಲಿಲ್ಲ. ಅದರ ಕಾವಿಗೆ ನೆಗೆಟಿವ್ ಉಬ್ಬಿ ಫೋಕಸ್ ಕೂಡ ತಪ್ಪುತ್ತಿತ್ತು. ಎಲ್ಇಡಿಗೆ ಬದಲಿಸಿದೆ. ಎರಡೂ ತೊಂದರೆ ಹೋದವು, ಆದರೆ ಕಾಗದ ಮಸಿಮಸಿಯಾಗತೊಡಗಿತು. ನಾಲ್ಕು ಹಾಳೆ ಹಾಳಾದ ಮೇಲೆ, ಕೋಣೆಯಲ್ಲಿ ಕೆಂಪು ದೀಪವನ್ನೂ ಆರಿಸಿ ಕುಳಿತಾಗ ಕಾರಣ ಹೊಳೆಯಿತು: ಸ್ವಿಚ್ ಆರಿಸಿದರೂ ಬಲ್ಬ್ ನಸುವಾಗಿ ಮಿನುಗುತ್ತಿತ್ತು. ಸ್ವಿಚ್ಚಿನೊಳಗಿನ ಪುಟಾಣಿ ಸೂಚಕ ದೀಪದ ಮೂಲಕ ಹರಿಯುವ ಅಷ್ಟು ವಿದ್ಯುತ್ತೇ ಅದಕ್ಕೆ ಸಾಕಾಗಿತ್ತು. ಸೂಚಕವಿಲ್ಲದ ಸ್ವಿಚ್ ಹಾಕಿಸಿದೆ.

ಉಳಿದದ್ದು ಕ್ರಮದ ಮಾತು. ಲೆನ್ಸಿನ ಬೆಳಕಿನ ಕಿಂಡಿಯನ್ನು ಎಫ್ 8ಕ್ಕೆ ಇಟ್ಟು, ಕಾಗದದ ಪಟ್ಟಿಯನ್ನು ಐದೈದು ಸೆಕೆಂಡಿಗೆ ತೆರೆಯುತ್ತಾ ಹೋಗಿ ಸರಿಯಾದ ಹೊತ್ತನ್ನು ಕಂಡುಕೊಳ್ಳುವುದು. ಬೇಸಿಗೆಯಲ್ಲಿ ಡೆವಲಪರ್ ಟ್ರೇಯನ್ನು ತಣ್ಣೀರಿನ ದೊಡ್ಡ ಬೋಗುಣಿಯಲ್ಲಿ ಕೂರಿಸಿ 20 ಡಿಗ್ರಿಯ ಆಸುಪಾಸಿನಲ್ಲಿ ಇಡುವುದು.

ಅಜ್ಜಿಯ ನೆಗೆಟಿವ್ ಹಾಕಿದ ರಾತ್ರಿ ಹತ್ತು ಇಂಚಿನ ಪ್ರಿಂಟ್ ಬಂತು. ನಡುವೆ ಮುಖ ಸ್ಪಷ್ಟ, ಮೂಲೆಗಳು ಮಸುಕು. ತಗಡು ಜಾರಿತೆಂದು ಎದೆ ಧಸಕ್ಕೆಂದಿತು. ಎರಡು ರಾತ್ರಿ ಬುಡ ಬಿಚ್ಚಿ ಮತ್ತೆ ಬಿಗಿದೆ, ಏನೂ ಬದಲಾಗಲಿಲ್ಲ. ಮೂರನೆಯ ದಿನ ಹಗಲು ಬೆಳಕಿನಲ್ಲಿ ಭೂತಗನ್ನಡಿ ಹಿಡಿದು ಮೂಲೆಯನ್ನು ನೋಡಿದೆ. ತುಳಸಿಕಟ್ಟೆಯ ಅಂಚು ಕದಡಿತ್ತು, ಆದರೆ ಅದರ ಮೇಲೆ ಚಿತ್ರ ಮೂಡಿಸುವ ಫಿಲ್ಮಿನ ಕಣಗಳು ಸಣ್ಣ ಮರಳಿನಂತೆ ಒಂದೊಂದೂ ಬಿಡಿಬಿಡಿಯಾಗಿ ಕಾಣುತ್ತಿದ್ದವು. ಕಣ ಚೂಪಾಗಿದ್ದರೆ ಎನ್‌ಲಾರ್ಜರ್ ತನ್ನ ಕೆಲಸ ಮಾಡಿದೆ. ಮಸುಕು ನೆಗೆಟಿವ್‌ನಲ್ಲೇ ಇತ್ತು, ಕ್ಯಾಮೆರಾದ ಸರಳ ಲೆನ್ಸು ಬರೆದದ್ದೇ ಅಷ್ಟು.

ಪ್ರಿಂಟನ್ನು ಅಪ್ಪನ ಕೈಗೆ ಕೊಟ್ಟು, ಮೂಲೆಯ ಮಸುಕು ಯಾಕೆಂದು ವಿವರಿಸಲು ಹೊರಟೆ. ಅವರು ಕೇಳಿಸಿಕೊಳ್ಳಲಿಲ್ಲ. ನನ್ನ ಕೈಯಿಂದ ಭೂತಗನ್ನಡಿ ತೆಗೆದುಕೊಂಡು ಕಿಟಕಿಯ ಬಳಿ ಹೋಗಿ, ಅಜ್ಜಿಯ ಕಣ್ಣಿನ ಕೆಳಗಿನ ಸುಕ್ಕುಗಳನ್ನು ಒಂದೊಂದಾಗಿ ನೋಡುತ್ತಾ ನಿಂತರು.