ಮಕ್ಕಳು ಹಾಸ್ಟೆಲ್ ಸೇರುವ ಮುನ್ನ ಮನೆಯಲ್ಲೇ ಕಲಿಯಬೇಕಾದ ಕೆಲಸಗಳು

ಹಾಸನ, ಚಿಕ್ಕಮಗಳೂರು ಜಿಲ್ಲೆಗಳ ಮಕ್ಕಳಲ್ಲಿ ಅನೇಕರು ಎಸ್ಸೆಸ್ಸೆಲ್ಸಿ ಮುಗಿದೊಡನೆ ಮಂಗಳೂರು, ಮೈಸೂರು, ಬೆಂಗಳೂರಿನ ಹಾಸ್ಟೆಲ್‌ಗಳನ್ನು ಸೇರುತ್ತಾರೆ. ಆದ್ದರಿಂದ 18 ತುಂಬಲಿ ಎಂದು ಕಾಯದೆ, ಹೈಸ್ಕೂಲಿನ ವರ್ಷಗಳಲ್ಲೇ ಕೆಲವು ಕೆಲಸಗಳನ್ನು ಪೂರ್ತಿಯಾಗಿ ಅವರ ಹೊಣೆಗೆ ಬಿಡಬೇಕು.

ಮೊದಲನೆಯದು ಹಣಕಾಸು. 10 ವರ್ಷ ದಾಟಿದ ಮಕ್ಕಳು ಅಂಚೆ ಕಚೇರಿಯಲ್ಲಿ ತಮ್ಮ ಹೆಸರಿನ ಉಳಿತಾಯ ಖಾತೆಯನ್ನು ತಾವೇ ನಡೆಸಬಹುದು. 500 ರೂಪಾಯಿ ಇದ್ದರೆ ಖಾತೆ ತೆರೆಯಬಹುದು. ಚಲನ್ ತುಂಬುವುದು, ಸಹಿ ಒಂದೇ ರೀತಿ ಹಾಕುವುದು, ಪಾಸ್‌ಬುಕ್ಕಿನ ಜಮಾ ಖರ್ಚು ತಾಳೆ ನೋಡುವುದು, ಇವೆಲ್ಲವನ್ನೂ ಅವರಿಂದಲೇ ಮಾಡಿಸಿ, ತಪ್ಪಾದರೆ ಇನ್ನೊಂದು ಚಲನ್ ಬರೆಯಲು ಹೇಳಿ. ತಿಂಗಳ ದಿನಸಿಯ ಹಣವನ್ನು ಒಮ್ಮೆ ಅವರ ಕೈಗೆ ಕೊಟ್ಟು, ಸಂತೆಯಿಂದ ಬಂದ ಮೇಲೆ ಲೆಕ್ಕ ಬರೆಸುವುದು ಇನ್ನೂ ಒಳ್ಳೆಯದು. ಮೊಬೈಲ್‌ನಲ್ಲಿ ಹಣ ಪಡೆಯಲು ಪಿನ್ ಒತ್ತುವ ಅಗತ್ಯವೇ ಇಲ್ಲವೆಂಬುದನ್ನೂ, ಮೋಸವಾದ ಕೂಡಲೇ ಹೆದರಿ ಮುಚ್ಚಿಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕೆಂಬುದನ್ನೂ ಮನದಟ್ಟು ಮಾಡಿಸಬೇಕು.

ಅಡುಗೆಯನ್ನು ಗಂಡು ಹೆಣ್ಣೆಂಬ ಭೇದವಿಲ್ಲದೆ ಕಲಿಸಬೇಕು. ಈ ವಿಷಯದಲ್ಲಿ ನಮ್ಮ ಮನೆಗಳು ಗಂಡುಮಕ್ಕಳಿಗೆ ಅನ್ಯಾಯ ಮಾಡುತ್ತಿವೆ ಎಂದೇ ನನ್ನ ಅಭಿಪ್ರಾಯ. ಅನ್ನ, ಸಾರು, ಒಂದು ಪಲ್ಯ ಬಂದರೆ ಸಾಕು, ಜೊತೆಗೆ ಮುದ್ದೆ ಬಂದರೆ ಕೈ ಪಳಗಿದಂತೆ. ಕುದಿಯುವ ಎಸರಿಗೆ ರಾಗಿಹಿಟ್ಟು ಸುರಿದ ತಕ್ಷಣ ಮಕ್ಕಳು ಅವಸರದಿಂದ ಕಲಕಲು ಹೋಗುತ್ತಾರೆ, ಹಿಟ್ಟು ಗಂಟಾಗುತ್ತದೆ. ಹಿಟ್ಟಿನ ಗುಡ್ಡೆಯನ್ನು ಹಾಗೆಯೇ ಬಿಟ್ಟು, ಸುತ್ತಲಿನ ನೀರು ಉಕ್ಕಿ ಅದು ಬೆಂದ ಮೇಲೆ ಉರಿ ತಗ್ಗಿಸಿ ಕೋಲಿನಿಂದ ತಿರುವಬೇಕೆಂದು ಎದುರಿಗೇ ತೋರಿಸಿ. ರಾತ್ರಿ ಮಲಗುವ ಮುನ್ನ ಗ್ಯಾಸಿನ ರೆಗ್ಯುಲೇಟರ್ ಮುಚ್ಚುವ ಕೆಲಸವೂ ಅವರದೇ ಆಗಲಿ.

ಬಟ್ಟೆ ಒಗೆಯುವುದು, ಗುಂಡಿ ಹೊಲಿಯುವುದು ಒಂದೇ ವಾರದಲ್ಲಿ ಕಲಿಯುವಂಥ ಕೆಲಸಗಳು.

ತೋಟ, ಗದ್ದೆಗಳ ನಡುವೆ ಬೆಳೆಯುವ ಮಕ್ಕಳಿಗೆ ಹಾವು ಕಡಿದಾಗ ಏನು ಮಾಡಬೇಕೆಂಬುದು ಬಾಯಿಪಾಠವಾಗಿರಬೇಕು. ಕಡಿದ ಜಾಗವನ್ನು ಕೊಯ್ಯಬಾರದು, ಬಾಯಿಂದ ಹೀರಬಾರದು, ಹಗ್ಗದಿಂದ ಬಿಗಿದು ಕಟ್ಟಬಾರದು. ಕೈಯ ಉಂಗುರ, ಕಾಲಿನ ಚೈನು ತೆಗೆದು, ಆ ಅಂಗ ಅಲುಗಾಡದಂತೆ ಇರಿಸಿ, ನಡೆಸದೆ 108 ಕರೆಸಿಯೋ ಸಿಕ್ಕ ವಾಹನದಲ್ಲೋ ಆಸ್ಪತ್ರೆಗೆ ಒಯ್ಯಬೇಕು. ಮಳೆಗಾಲದಲ್ಲಿ ತುಂಡಾಗಿ ಬಿದ್ದ ವಿದ್ಯುತ್ ತಂತಿಯ ಹತ್ತಿರ ಹೋಗದೆ, ಇತರರನ್ನೂ ದೂರ ತಡೆದು ವಿದ್ಯುತ್ ಸಹಾಯವಾಣಿ 1912ಕ್ಕೆ ತಿಳಿಸುವುದನ್ನೂ ಇದರೊಡನೆಯೇ ಹೇಳಿಕೊಡಿ.

ಕೆರೆ, ಹೇಮಾವತಿ, ಯಗಚಿಗಳ ನಾಡಿನಲ್ಲಿ ಈಜು ಬಾರದಿರುವುದು ಅಪಾಯ. ನುರಿತವರ ಜೊತೆಯಲ್ಲಿ ಮಾತ್ರ ಕಲಿಸಿ. ಮುಳುಗುತ್ತಿರುವವರನ್ನು ಕಂಡರೆ ತಾವು ನೀರಿಗೆ ಹಾರದೆ, ಜನರನ್ನು ಕೂಗಿ ಕರೆದು, ದಡದಿಂದಲೇ ಹಗ್ಗವನ್ನೋ ಸೀರೆಯನ್ನೋ ಖಾಲಿ ಕ್ಯಾನನ್ನೋ ಎಸೆಯುವುದನ್ನು ದಡದಲ್ಲಿ ನಿಲ್ಲಿಸಿ ಅಭ್ಯಾಸ ಮಾಡಿಸಿ.